ಉಕುಲೇಲೆ ಮಾರುವ ಮುಂಚೆ ತಂತಿ ಬದಲಿಸಿ

ಕುವೆಂಪುನಗರದ ನಮ್ಮ ಚಿಕ್ಕ ಮನೆಯಲ್ಲಿ ಏಳು ಉಕುಲೇಲೆ (ಗಿಟಾರ್‌ನಂಥ ನಾಲ್ಕು ತಂತಿಯ ಪುಟ್ಟ ವಾದ್ಯ) ಇದ್ದವು. ಗೋಡೆಯಲ್ಲಿ ಜಾಗ ಸಾಲದೆ ಈ ಬೇಸಿಗೆಯಲ್ಲಿ ನಾಲ್ಕು ಮಾರಿದೆ. ಒಂದು ವರ್ಷದಿಂದ ಕೈಗೆ ತೆಗೆದುಕೊಳ್ಳದವನ್ನೇ ಆರಿಸಿದೆ. ಆದರೂ ಹೊಟ್ಟೆ ಉರಿಯಿತು, ನಿಜ.

ಹಳೇ ತಂತಿಯಲ್ಲಿ ವಾದ್ಯ ತೋರಿಸಬೇಡಿ. ಹೊಸ ನೈಲಾನ್ ತಂತಿ ಹಾಕಿ, ಅದೂ ಒಂದು ವಾರ ಮೊದಲೇ. ಹೊಸ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ನಾನು ಹಿಂದಿನ ರಾತ್ರಿ ಹಾಕಿದ್ದೆ. ಮೊದಲು ಬಂದ ಹುಡುಗಿಯ ಎದುರು ಎ ತಂತಿ ನಾಲ್ಕು ಸಲ ಇಳಿಯಿತು. ವಾದ್ಯವೇ ಸರಿಯಿಲ್ಲ ಅಂದುಕೊಂಡು ಪಾಪ, ಹೊರಟೇಬಿಟ್ಟಳು.

ಇರುವ ದೋಷ ಮುಚ್ಚಿಡಬೇಡಿ. ನನ್ನ ಟೆನರ್ ಅಳತೆಯ ಉಕುಲೇಲೆಯ ಬ್ರಿಡ್ಜ್ (ತಂತಿ ಕಟ್ಟುವ ಮರದ ಪಟ್ಟಿ) ಹಿಂಬದಿಯಲ್ಲಿ ಕಾಗದ ತೂರುವಷ್ಟು ಎದ್ದಿತ್ತು. ಅದನ್ನೇ ಹತ್ತಿರದಿಂದ ಫೋಟೊ ತೆಗೆದು ಕಳಿಸಿದೆ, ಬೆಲೆಯನ್ನೂ ಇಳಿಸಿದೆ. ಸರಸ್ವತಿಪುರಂನ ಮೇಷ್ಟ್ರೊಬ್ಬರು ಚೌಕಾಸಿ ಮಾಡದೆ ಒಯ್ದರು.

ಅಳತೆ, ಅಂದರೆ ಒಟ್ಟು ಉದ್ದ ಬರೆಯಿರಿ: ಸೊಪ್ರಾನೊ ಸುಮಾರು 21 ಇಂಚು, ಕಾನ್ಸರ್ಟ್ 23, ಟೆನರ್ 26. ಇನ್ನೂ ದೊಡ್ಡದಾದ ಬ್ಯಾರಿಟೋನ್ ಆದರೆ ಅದರ ತಂತಿಗಳ ಶ್ರುತಿ ಸಾಮಾನ್ಯವಾಗಿ ಡಿ-ಜಿ-ಬಿ-ಇ, ಉಳಿದವುಗಳ ಹಾಗೆ ಜಿ-ಸಿ-ಇ-ಎ ಅಲ್ಲ ಅಂತ ಮೊದಲೇ ಹೇಳಿಬಿಡಿ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಮನೆಗೆ ಹೋಗಿ ಕಲಿಕೆ ವಿಡಿಯೊ ನೋಡಿ ಗಲಿಬಿಲಿ ಆಗುತ್ತಾರೆ.

ಆದಷ್ಟೂ ಮನೆಗೇ ಕರೆಸಿ, ನುಡಿಸಲು ಬಿಡಿ. ಕೊರಿಯರ್ ಮಾಡಲೇಬೇಕಾದರೆ ತಂತಿ ಸ್ವಲ್ಪ ಸಡಿಲಿಸಿ, ಕತ್ತಿನ ಕೆಳಗೆ ಬಟ್ಟೆ ಒತ್ತಿಡಿ. ಹಣ ಕಳಿಸುತ್ತೇವೆ, ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ.