ಬ್ಯಾಟರಿ ಎಲ್ಲಿದೆ ಅಂತ ಮೊದಲು ಕೇಳಿ

ಕಾಸರಗೋಡಿನ ಕುಂಬಳೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಕೆಲಸ ಎರಡು. ಚಾರ್ಜಿಂಗ್ ಪಿನ್ ಬದಲಾಯಿಸುವುದು ಒಂದು. ಅದು ಮುಗಿಯುವ ತನಕ ಕೌಂಟರಿನ ಆಚೆ ನಿಂತವರು ಮನೆಯವರ ಫೋನಿನಲ್ಲಿ ತೋರಿಸುವ ಸುದ್ದಿ ನಿಜವೋ ಸುಳ್ಳೋ ಅಂತ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಬಿಲ್ ಹಾಕುವ ಕ್ರಮ ಇಲ್ಲ. ಹಾಗಾಗಿ ಬರೆದೇ ಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ನನ್ನದು ಯಾವ ತರಗತಿಯಲ್ಲೂ ಕಲಿತ ವಿದ್ಯೆ ಅಲ್ಲ. ಸತ್ತ ಫೋನ್ ಕೈಗೆ ಬಂದರೆ ಮೊದಲು ಏನು ನೋಡುತ್ತೇನೋ, ಸುದ್ದಿ ಬಂದರೂ ಅದನ್ನೇ ನೋಡುತ್ತೇನೆ. ಕರೆಂಟ್ ಎಲ್ಲಿಂದ ಬರುತ್ತಿದೆ?

2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟು ಬಂತಲ್ವಾ? ಅದರೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆ, ನೆಲದಡಿ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಅಂತ ಸುದ್ದಿ ಹಬ್ಬಿತು. ಟಿವಿಯಲ್ಲೂ ಬಂತು. ರಿಸರ್ವ್ ಬ್ಯಾಂಕ್ ಅಂಥದ್ದೇನೂ ಇಲ್ಲ ಅಂದರೂ ಜನ ಬಿಡಲಿಲ್ಲ. ಈಗ ನಮ್ಮ ಪ್ರಶ್ನೆ ಕೇಳಿ ನೋಡಿ. ಜಿಪಿಎಸ್ ಅಂದರೆ ಕೇಳಿಸಿಕೊಳ್ಳುವ ಯಂತ್ರ, ಮನೆಯ ರೇಡಿಯೋದ ಹಾಗೆ. ನೀವು ಕೇಳುತ್ತಿದ್ದೀರಿ ಅಂತ ಆಕಾಶವಾಣಿಗೆ ಗೊತ್ತಾಗುತ್ತದಾ? ಇಲ್ಲ. ಉಪಗ್ರಹ ಇರುವುದು ಸುಮಾರು 20,000 ಕಿಲೋಮೀಟರ್ ಮೇಲೆ. ಅಲ್ಲಿಂದ ಬರುವ ಸಿಗ್ನಲ್ ಎಷ್ಟು ಬಡಕಲು ಅಂದರೆ ಕಾಂಕ್ರೀಟ್ ಮನೆಯೊಳಗೇ ಮ್ಯಾಪ್ ತಡವರಿಸುತ್ತದೆ. ನಾನು ಇಂಥಲ್ಲಿದ್ದೇನೆ ಅಂತ ತಿರುಗಿ ಹೇಳಬೇಕಾದರೆ ಸಿಮ್, ಆಂಟೆನಾ, ಬ್ಯಾಟರಿ ಎಲ್ಲಾ ಬೇಕು. ಮಡಚಿ ಜೇಬಿಗೆ ತುರುಕುವ ಕಾಗದದಲ್ಲಿ ಬ್ಯಾಟರಿ ಎಲ್ಲಿ?

"ಹಾಗಾದರೆ ಕಾರಿನ ಗಾಜಿನ ಮೇಲಿರುವ ಫಾಸ್ಟ್ಯಾಗ್‌ಗೆ ಬ್ಯಾಟರಿ ಎಲ್ಲುಂಟು?" ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅದರಲ್ಲಿ ಬ್ಯಾಟರಿ ಇಲ್ಲ ನಿಜ. ತಲಪಾಡಿ ಟೋಲ್‌ನಲ್ಲಿ ಮೇಲೆ ಕೂತಿರುವ ರೀಡರ್ ರೇಡಿಯೋ ಅಲೆ ಬಿಡುತ್ತದೆ. ಆ ಅಲೆಯ ಶಕ್ತಿಯಿಂದಲೇ ಫಾಸ್ಟ್ಯಾಗ್ ಎಚ್ಚರಗೊಂಡು ತನ್ನ ನಂಬರ್ ಹೇಳುತ್ತದೆ. ಆದರೆ ಅದು ಕೆಲವು ಮೀಟರ್ ದೂರದ ಆಟ. ಕಾರು ಹತ್ತಿರ ಬರಲೇಬೇಕು. ಆದ್ದರಿಂದ ಪ್ರಶ್ನೆಗೆ ಒಂದು ಬಾಲ ಸೇರಿಸಿ: ಬ್ಯಾಟರಿ ಎಲ್ಲಿ? ಇಲ್ಲದಿದ್ದರೆ, ಶಕ್ತಿ ಕೊಡುವವನು ಎಷ್ಟು ಹತ್ತಿರ ಇದ್ದಾನೆ? ಪೆಟ್ರೋಲ್ ಬದಲು ನೀರಿನಿಂದ ಓಡುವ ಬೈಕು, ಒಮ್ಮೆ ತಿರುಗಿಸಿದರೆ ನಿಲ್ಲದೆ ಕರೆಂಟ್ ಕೊಡುವ ಚಕ್ರ, ಕಾಂತದಿಂದ ಉರಿಯುವ ಬಲ್ಬ್, ಇವೆಲ್ಲಾ ಈ ಒಂದು ಪ್ರಶ್ನೆಗೇ ಬಿದ್ದುಹೋಗುತ್ತವೆ. 2023ರ ಮೇ ತಿಂಗಳಲ್ಲಿ 2000ದ ನೋಟನ್ನೇ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಂಡರು. ಆಗಲೂ "ಒಳಗಿನ ಚಿಪ್ ಏನು ಮಾಡ್ತಾರೆ?" ಅಂತ ಕೇಳಿದವರಿದ್ದಾರೆ.

ಎರಡನೆಯ ಪ್ರಶ್ನೆ ಬಿಡಿಭಾಗದ ಲೆಕ್ಕ. 2016ರ ಫೆಬ್ರವರಿಯಲ್ಲಿ ಫ್ರೀಡಂ 251 ಅಂತ ಒಂದು ಸ್ಮಾರ್ಟ್‌ಫೋನ್, 251 ರೂಪಾಯಿಗೆ, ಪೇಪರಿನಲ್ಲಿ ಇಡೀ ಪುಟದ ಜಾಹೀರಾತು. ಬುಕಿಂಗ್ ಮಾಡುವವರ ನೂಕುನುಗ್ಗಲಿಗೆ ವೆಬ್‌ಸೈಟೇ ಕುಸಿಯಿತು. ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಿದ್ದರು, ಆ ದುಡ್ಡಿಗೆ ಒಂದು ಸಾದಾ ಡಿಸ್‌ಪ್ಲೇ ಕೂಡ ಬರುವುದಿಲ್ಲ ಅಂತ. ಮರುವರ್ಷ ಕಂಪನಿಯ ಮುಖ್ಯಸ್ಥನ ಬಂಧನವೂ ಆಯಿತು. ಹಾಗಾಗಿ ನಂಬಲಾಗದ ಬೆಲೆ ಕಂಡರೆ ಪಕ್ಕದ ರಿಪೇರಿ ಅಂಗಡಿಗೆ ಹೋಗಿ ಬ್ಯಾಟರಿಗೆ ಎಷ್ಟು, ಡಿಸ್‌ಪ್ಲೇಗೆ ಎಷ್ಟು ಅಂತ ಕೇಳಿ ಕೂಡಿಸಿ. ಇದಕ್ಕಿಂತ ಜಾಸ್ತಿ ಏನೂ ಬೇಡ.

ಬಬಿಯಾನ ಪಟ

ಪಟಗಳ ವಿಷಯಕ್ಕೆ ಬಂದರೆ ನಮ್ಮೂರಿನವರಿಗೆ ಸ್ವಲ್ಪ ಜಾಸ್ತಿಯೇ ಅನುಭವ ಇದೆ. ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಯಾರಿಗೆ ಗೊತ್ತಿಲ್ಲ? ಅದು 2022ರ ಅಕ್ಟೋಬರ್ 9ರ ರಾತ್ರಿ ತೀರಿಕೊಂಡಿತು. ಮರುದಿನ ಬೆಳಿಗ್ಗೆಯಿಂದ ಎಲ್ಲರ ಫೋನಿನಲ್ಲೂ ಮೊಸಳೆಯೇ. ದೂರದೂರಿನ ನೆಂಟರೆಲ್ಲಾ "ನಿಮ್ಮೂರಿನದ್ದಲ್ವಾ ಇದು?" ಅಂತ ಕಳಿಸಿದರು. ಅದರಲ್ಲಿ ಒಂದು ಪಟ ಇತ್ತು. ಒಬ್ಬ ಮನುಷ್ಯ ನೀರಿನಲ್ಲಿ ಮೊಸಳೆಯನ್ನು ತಬ್ಬಿಕೊಂಡು ಮುಖಕ್ಕೆ ಮುಖ ತಾಗಿಸಿದ್ದಾನೆ. ಭಕ್ತಿಯಿಂದ ಕಣ್ಣು ತುಂಬುವ ಪಟ.

ಆ ಕೆರೆ ನೋಡಿದವರು ಪಟವನ್ನು ಒಮ್ಮೆ ದೊಡ್ಡದು ಮಾಡಿದ್ದರೆ ಸಾಕಿತ್ತು. ಕಲ್ಲಿನ ಕಟ್ಟೆ ಇಲ್ಲ, ಕೆಂಪು ಮುರಕಲ್ಲು ಇಲ್ಲ, ನಡುವಿನ ಗುಡಿ ಇಲ್ಲ. ಅದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಒಬ್ಬ ಮೀನುಗಾರ ಮತ್ತು ಅವನು ಸಾಕಿದ ಪೋಚೋ ಎಂಬ ಮೊಸಳೆ. ಪೋಚೋ 2011ರಲ್ಲೇ ಸತ್ತಿತ್ತು. ಮೊಸಳೆಯ ಜಾತಿಯೇ ಬೇರೆ. ನಮ್ಮದು ಮಗ್ಗರ್, ಸಿಹಿನೀರಿನದ್ದು.

ಇಂಥ ಪಟ ಬಂದರೆ ಮಾಡಬೇಕಾದದ್ದು ಇಷ್ಟು. ಪಟವನ್ನು ಗ್ಯಾಲರಿಗೆ ಉಳಿಸಿ. ಗೂಗಲ್ ಆಪ್ ತೆರೆದರೆ ಹುಡುಕುವ ಪಟ್ಟಿಯ ಬಲಬದಿಯಲ್ಲಿ ಕ್ಯಾಮೆರಾದ ಗುರುತು ಇದೆ. ಅದು ಲೆನ್ಸ್. ಒತ್ತಿ, ಗ್ಯಾಲರಿಯಿಂದ ಆ ಪಟ ಆರಿಸಿ. ಅದೇ ಪಟ ಬೇರೆ ಎಲ್ಲೆಲ್ಲಿ ಇದೆ ಅಂತ ಬರುತ್ತದೆ. ಮೇಲೆ ಬಂದದ್ದನ್ನು ನಂಬಿ ಬಿಡಬೇಡಿ, ಕೆಳಗೆ ಹೋಗಿ ಹಳೆಯ ತಾರೀಕು ಇರುವುದನ್ನು ಹುಡುಕಿ. ನಿನ್ನೆಯ ಘಟನೆ ಅಂತ ಬಂದ ಪಟ ಹತ್ತು ವರ್ಷ ಹಿಂದಿನ ಪುಟದಲ್ಲಿದ್ದರೆ ಮತ್ತೆ ಮಾತೇ ಇಲ್ಲ. ವಿಡಿಯೋ ಆದರೆ ಮುಖವೋ ಬೋರ್ಡೋ ಸ್ಪಷ್ಟವಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹೀಗೆಯೇ ಹುಡುಕಿ. ಅಂಗಡಿಯ ಬೋರ್ಡ್, ಗಾಡಿಯ ನಂಬರ್ ಪ್ಲೇಟ್, ಪೊಲೀಸರ ಟೋಪಿ, ಈ ಮೂರನ್ನು ದೊಡ್ಡದು ಮಾಡಿ ನೋಡುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಸುಳ್ಳು ಅಲ್ಲೇ ಸಿಗುತ್ತದೆ.

ಇನ್ನು ಬಬಿಯಾ ಸಸ್ಯಾಹಾರಿ ಎಂಬ ಸುದ್ದಿ. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಅದು ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಡಲಿಲ್ಲ, ಇದು ನಿಜ. ಆದರೆ ಅನ್ನ ತಿಂದಿತು ಅಂದ ಮಾತ್ರಕ್ಕೆ ಕೆರೆಯ ಮೀನು ತಿನ್ನಲಿಲ್ಲ ಅಂತ ಆಗುವುದಿಲ್ಲ. ಮಗ್ಗರ್ ಮೊಸಳೆಯ ಹೊಟ್ಟೆ ಮೀನು ಮಾಂಸಕ್ಕೇ ಆದದ್ದು. ನಾವು ಕಂಡದ್ದು ಬೇರೆ, ಕಂಡದ್ದಕ್ಕೆ ನಾವು ಸೇರಿಸಿದ್ದು ಬೇರೆ. ದೊಡ್ಡ ದೊಡ್ಡ ಪತ್ರಿಕೆಗಳೂ "ಲೋಕದ ಏಕೈಕ ಸಸ್ಯಾಹಾರಿ ಮೊಸಳೆ" ಅಂತ ಹಾಕಿದವು. ಏಕೈಕ, ಮೊತ್ತಮೊದಲ, ಅತಿ ದೊಡ್ಡ ಅಂತ ಕಂಡಲ್ಲಿ ಯಾರು ಎಣಿಸಿದರು ಅಂತ ಕೇಳಿ. 2023ರ ನವೆಂಬರ್‌ನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದರ ಹೊಟ್ಟೆಯ ವಿಷಯದಲ್ಲಿ ಮಾತ್ರ ಅವಸರದ ಹೆಡ್ಡಿಂಗ್ ಬೇಡ ಅಂತ ನನ್ನ ಕೋರಿಕೆ.

ಮೂರು ಭಾಷೆಯಲ್ಲಿ ಬಂದರೆ ಲಾಭ

ಕೇರಳ ಕರ್ನಾಟಕ ಗಡಿಯಲ್ಲಿ ಇರುವುದರಿಂದ ನಮಗೊಂದು ಅನುಕೂಲ ಇದೆ. ಒಂದೇ ಸುದ್ದಿ ಬೆಳಿಗ್ಗೆ ಮಲಯಾಳದಲ್ಲಿ ಬರುತ್ತದೆ, ಮಧ್ಯಾಹ್ನ ಮಂಗಳೂರಿನ ಗುಂಪಿನಿಂದ ಕನ್ನಡದಲ್ಲಿ, ರಾತ್ರಿ ತುಳು ವಾಯ್ಸ್ ಮೆಸೇಜ್ ಆಗಿ. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಚಾರ್ಜಿಗಿಟ್ಟ ಫೋನ್ ಸಿಡಿದದ್ದು ಮಲಯಾಳದಲ್ಲಿ ಪಯ್ಯನ್ನೂರಿನಲ್ಲಿ, ಕನ್ನಡದಲ್ಲಿ ಪುತ್ತೂರಿನಲ್ಲಿ, ತುಳುವಿನಲ್ಲಿ "ನಮ್ಮ ಉಪ್ಪಳದ ಹತ್ತಿರವೇ". ಭಾಷೆ ಬದಲಾದ ಕೂಡಲೇ ಊರೂ ಬದಲಾದರೆ ಆ ಸುದ್ದಿಗೆ ಊರೇ ಇಲ್ಲ ಅಂತ ಅರ್ಥ. ನಿಜ ಸುದ್ದಿ ಹಾಗಲ್ಲ. 2016ರಲ್ಲಿ ಸ್ಯಾಮ್‌ಸಂಗ್‌ನ ನೋಟ್ 7 ಫೋನ್‌ಗಳಿಗೆ ಬೆಂಕಿ ಹತ್ತಿಕೊಂಡಾಗ ಕಂಪನಿಯೇ ಅವನ್ನು ವಾಪಸ್ ತರಿಸಿತು, ಆಮೇಲೆ ತಯಾರಿಯನ್ನೇ ನಿಲ್ಲಿಸಿತು. ಮಾಡೆಲ್, ತಿಂಗಳು, ಕಾರಣ ಎಲ್ಲಾ ಭಾಷೆಯಲ್ಲೂ ಒಂದೇ. (ಮಾತು ಬಂತು ಅಂತ ಹೇಳುತ್ತೇನೆ: ಫೋನಿನ ಹಿಂಬದಿ ಉಬ್ಬಿದ್ದರೆ ಚಾರ್ಜಿಗಿಡಬೇಡಿ, ಒತ್ತಿ ಸರಿಮಾಡಲು ಹೋಗಬೇಡಿ. ಅದು ವದಂತಿ ಅಲ್ಲ.)

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದೆಯಾ ಅಂತಲೂ ನೋಡಿ. ಬರೆದವರಿಂದ ಹೊರಟು ಕಡಿಮೆ ಅಂದರೂ ಐದು ಕೈ ದಾಟಿ ಬಂದ ಮೆಸೇಜಿಗೆ ವಾಟ್ಸಾಪ್ ಆ ಗುರುತು ಹಾಕುತ್ತದೆ. "ನನ್ನ ಸ್ನೇಹಿತನ ಅಣ್ಣ ಕಣ್ಣಾರೆ ನೋಡಿದ್ದು" ಅಂತ ಬರೆದ ಮೆಸೇಜಿಗೆ ಎರಡು ಬಾಣ ಇದ್ದರೆ ಆ ಅಣ್ಣ ಯಾರ ಅಣ್ಣನೂ ಅಲ್ಲ.

ನಿಜ ಸುದ್ದಿಗೂ ಒಂದು ಪ್ರಶ್ನೆ ಇದೆ

ಸುಳ್ಳು ಹಿಡಿಯುವುದು ಸುಲಭ. ನಿಜ ಸುದ್ದಿಯನ್ನು ತೂಗುವುದೇ ಕಷ್ಟ. 2019ರಲ್ಲಿ ಅಡಿಕೆ ಮರ ಹತ್ತುವ ಬೈಕಿನ ವಿಡಿಯೋ ಬಂತು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ್ದು. ಸೀಟು, ಬೆಲ್ಟು, ಬ್ರೇಕು, ಪೆಟ್ರೋಲ್ ಎಂಜಿನ್ ಎಲ್ಲಾ ಕಣ್ಣಿಗೆ ಕಾಣುತ್ತದೆ. ಬ್ಯಾಟರಿ ಎಲ್ಲಿ ಅಂತ ಕೇಳುವ ಹಾಗೇ ಇಲ್ಲ. ಉದ್ಯಮಿ ಆನಂದ್ ಮಹೀಂದ್ರಾ ಕೂಡ ಮೆಚ್ಚಿ ಹಂಚಿಕೊಂಡರು. ಅಂಗಡಿಗೆ ಬಂದ ಬದಿಯಡ್ಕ ಕಡೆಯ ಭಾವ ಒಬ್ಬರು "ಇದು ತೆಗೊಂಡರೆ ಹೇಗೆ?" ಅಂತ ಕೇಳಿದರು.

ವಿಡಿಯೋ ಸಾಮಾನ್ಯವಾಗಿ ತೋರಿಸುವುದು ಒಂದು ಮರ. ತೋಟದಲ್ಲಿ ಇರುವುದು ಸಾವಿರ ಮರ. ಪಳಗಿದ ಕೊನೆಗಾರ (ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊಂಚಲು, ಕೊಯ್ಯುವವನು) ಒಂದು ಮರದ ತುದಿಯಿಂದ ಓಲಾಡಿ ಪಕ್ಕದ ಮರಕ್ಕೆ ದಾಟುತ್ತಾನೆ, ಕೆಳಗೆ ಇಳಿಯುವುದೇ ಇಲ್ಲ. ಯಂತ್ರ ಪ್ರತಿ ಮರಕ್ಕೂ ಇಳಿಯಬೇಕು, ಬಿಚ್ಚಬೇಕು, ಮುಂದಿನ ಮರಕ್ಕೆ ಹೊರಬೇಕು, ಮತ್ತೆ ಕಟ್ಟಬೇಕು. ತೋಟ ಗುಡ್ಡೆಯ ಇಳಿಜಾರಿನಲ್ಲಿದ್ದರೆ ಹೊರುವವನ ಪಾಡು ಕೇಳಬೇಡಿ. ಮಳೆಗಾಲದ ನಡುವೆ ಅಡಿಕೆಗೆ ಮದ್ದು ಸಿಂಪಡಿಸುವಾಗ ಪಾಚಿ ಕಟ್ಟಿದ ಮರ ಹೇಗಿರುತ್ತದೆ ಅಂತ ಅಡಿಕೆಯವರಿಗೆ ನಾನು ಹೇಳಬೇಕಾ? ಭಟ್ಟರ ಬುದ್ಧಿವಂತಿಕೆಗೆ ನನ್ನದು ದೊಡ್ಡ ನಮಸ್ಕಾರ. ಕೊನೆಗಾರ ಸಿಗದ ಮನೆಗೆ, ಮರ ಹತ್ತಲಾಗದವರಿಗೆ ಅದು ಉಪಕಾರವೇ. ಆದರೆ ಕೊಳ್ಳುವ ಮೊದಲು ವಿಡಿಯೋ ಸಾಕಾಗುವುದಿಲ್ಲ. ನಿಮ್ಮಂಥದ್ದೇ ತೋಟದಲ್ಲಿ, ಮಳೆಗಾಲದಲ್ಲಿ, ಅದನ್ನು ದಿನವಿಡೀ ಓಡಿಸಿದವರನ್ನು ಹುಡುಕಿ ಮಾತಾಡಿ.

ಇದಕ್ಕೆ ಎದುರು ಕಾರ್ಬನ್ ಫೈಬರ್ ದೋಟಿ ನೋಡಿ. ಅದರ ವಿಡಿಯೋಗೆ ಯಾವ ಉದ್ಯಮಿಯೂ ಬೆರಗಾದದ್ದು ನಾನು ಕಾಣೆ. ಉದ್ದದ ಕೊಳವೆ, ತುದಿಗೆ ಕತ್ತಿ, ಅಷ್ಟೇ. ನೋಡಲು ಮಜಾ ಇಲ್ಲ. ಆದರೆ ಜನ ನೆಲದಲ್ಲಿ ನಿಂತೇ ಕೊನೆ ತೆಗೆಯುತ್ತಾರೆ, ಅದರಿಂದಲೇ ಮದ್ದೂ ಬಿಡುತ್ತಾರೆ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದವರು ತರಬೇತಿ ಶಿಬಿರ ಮಾಡಿದರು, ಹುಡುಗರು ಕಲಿತರು, ದೋಟಿ ಹಿಡಿಯುವುದೇ ಒಂದು ಸಂಬಳದ ಕೆಲಸ ಆಯಿತು. ಕುತ್ತಿಗೆ ನೋವು ಮಾತ್ರ ಉಚಿತ. ನನ್ನ ಕೇಳಿದರೆ ನಮ್ಮ ಕಡೆಯ ದೊಡ್ಡ ತಂತ್ರಜ್ಞಾನ ಸುದ್ದಿ ಇದೇ. ಪೇಪರಿನ ಮೂಲೆಯಲ್ಲಿ "ದೋಟಿ ತರಬೇತಿ ಶಿಬಿರ" ಅಂತ ಚಿಕ್ಕದಾಗಿ ಬರುವುದನ್ನು ಓದುವ ಅಭ್ಯಾಸ ಮಾಡಿ. ಲೈಕ್ ಬಂದದ್ದೆಲ್ಲಾ ತೋಟಕ್ಕೆ ಬರುವುದಿಲ್ಲ.

ವಿಜ್ಞಾನದ ಸುದ್ದಿಗೂ ಹೀಗೆಯೇ. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದವರು ಎಲ್‌ಕೆ-99 ಎಂಬ ವಸ್ತು ಮಾಮೂಲಿ ಉಷ್ಣತೆಯಲ್ಲೇ ಸೂಪರ್ ಕಂಡಕ್ಟರ್ ಅಂದರು. ಕರೆಂಟ್ ಸ್ವಲ್ಪವೂ ಪೋಲಾಗದೆ ಹರಿಯುತ್ತದೆ ಅಂತ. ಲೋಕವೇ ಬದಲಾಯಿತು ಅಂತ ವಿಡಿಯೋಗಳು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಸೇರಿ ಬೇರೆ ಬೇರೆ ಕಡೆ ಮಾಡಿ ನೋಡಿದರು, ಆಗಲಿಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಗಲಾಟೆ ತಣ್ಣಗಾಯಿತು. ಎರಡನೆಯವರು ಮಾಡಿ ತೋರಿಸುವ ತನಕ ಕಾಯಿರಿ, ಅಷ್ಟೇ.

ಮುಖ ಮತ್ತು ದನಿ

2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಯುವತಿಯ ವಿಡಿಯೋಗೆ ಅಂಟಿಸಿ ಹರಿಬಿಟ್ಟರು. ಆಗ ಎಲ್ಲರೂ ಡೀಪ್‌ಫೇಕ್ ಅಂದರೆ ಸಿನಿಮಾದವರ ಸಮಸ್ಯೆ ಅಂದುಕೊಂಡರು. ಅದೇ ವರ್ಷ ಜುಲೈಯಲ್ಲಿ ಕೋಯಿಕ್ಕೋಡಿನ ಒಬ್ಬರು 40,000 ರೂಪಾಯಿ ಕಳೆದುಕೊಂಡಿದ್ದರು. ಹಳೆಯ ಸಹೋದ್ಯೋಗಿಯ ಮುಖ ವಿಡಿಯೋ ಕಾಲ್‌ನಲ್ಲಿ ಬಂದು, ಆಸ್ಪತ್ರೆ ಖರ್ಚು ಅಂತ ಕೇಳಿತ್ತು. ನಮ್ಮಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿ ಇರುವಾಗ ಇದು ಸಣ್ಣ ವಿಷಯ ಅಲ್ಲ.

ಕಣ್ಣು ಮಿಟುಕಿಸುತ್ತದಾ, ತುಟಿ ಸರಿ ಅಲ್ಲಾಡುತ್ತದಾ ಅಂತ ನೋಡುವ ಉಪಾಯಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ಬೇಗ ಹಳತಾಗುತ್ತವೆ. ಕಾಲ್ ಕಟ್ ಮಾಡಿ. ನಿಮ್ಮಲ್ಲಿ ಮೊದಲೇ ಇದ್ದ ನಂಬರಿಗೆ ನೀವೇ ಮಾಡಿ. ಸಿಗದಿದ್ದರೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ, ಹಟ್ಟಿಯ ದನದ ಹೆಸರಾದರೂ ಸಾಕು. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಆದಷ್ಟು ದುಡ್ಡು ಮುಂದಿನ ಖಾತೆಗೆ ದಾಟುತ್ತದೆ.

ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಚಾಟ್‌ಬಾಟ್ ಹೇಳಿದ್ದನ್ನು ನಂಬಬಹುದಾ ಅಂತ ಕೇಳುವವರಿಗೆ: ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿಯನ್ನೇ ಮೊದಲು ಕೇಳಿ. ನಾನು ಯಕ್ಷಗಾನದ ಹಳೆಯ ಕವಿ ಪಾರ್ತಿಸುಬ್ಬನ ಬಗ್ಗೆ ಕೇಳುತ್ತೇನೆ. ಕುಂಬಳೆಯವನು ಅಂತ ಹೇಳಿಬಿಡುತ್ತದೆ. ಮುಂದೆ ಅವನ ಪ್ರಸಂಗಗಳ ಪಟ್ಟಿ ಕೇಳಿ, ಆ ಬಗ್ಗೆ ವಿದ್ವಾಂಸರಲ್ಲಿ ನಡೆದ ಜಗಳ ಕೇಳಿ. ಎಲ್ಲಿಂದ ಸುಳ್ಳು ಕಟ್ಟಲು ಶುರುಮಾಡುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಮದ್ದಿನ ಪ್ರಮಾಣ, ಬ್ಯಾಂಕಿನ ನಿಯಮ ಕೇಳುವಾಗ ನಿಮ್ಮ ಕೈ ತಾನಾಗಿ ನಿಧಾನ ಆಗುತ್ತದೆ.

ಕೊನೆಯದು, ಸುಳ್ಳು ಅಂತ ಗೊತ್ತಾದ ಮೇಲೆ ಹೇಳುವ ರೀತಿ. ಕುಟುಂಬದ ಗುಂಪಿನಲ್ಲಿ ಮಾವ ಕಳಿಸಿದ್ದಕ್ಕೆ ಎಲ್ಲರೆದುರು "ಇದು ಫೇಕ್" ಅಂತ ಬರೆಯಬೇಡಿ. ಮುಂದಿನ ಪೂಜೆಗೆ ಹೋದಾಗ ಮುಖ ತಿರುಗಿಸುತ್ತಾರೆ, ಸುಳ್ಳು ಕಳಿಸುವುದನ್ನಂತೂ ನಿಲ್ಲಿಸುವುದಿಲ್ಲ. ಫೋನ್ ಮಾಡಿ, ಮೊದಲು ಮಳೆ ಅಡಿಕೆ ಮಾತಾಡಿ, ಆಮೇಲೆ "ಮಾವ, ಆ ಪಟ ಬೇರೆ ದೇಶದ್ದಂತೆ, ನಿಮ್ಮ ಹೆಸರಲ್ಲಿ ಯಾಕೆ ತಿರುಗುವುದು?" ಅಂತ ಹೇಳಿ. ಅವರೇ ಅಳಿಸಲಿ. ಕಳಿಸಿದ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸಲು ವಾಟ್ಸಾಪ್ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಕೊಡುತ್ತದೆ. ಹೇಗೆ ಅಳಿಸುವುದು ಅಂತ ಅವರಿಗೆ ಗೊತ್ತಿಲ್ಲದಿದ್ದರೆ ನನ್ನ ಅಂಗಡಿಗೆ ಬರಲಿ.