ಕೆಲಸಗಾರರ ಮನಸ್ಸು ತಿಳಿಯುವುದು ಹೇಗೆ? ಮೊದಲು ಆ ಸ್ಮೈಲಿ ಫಾರಂ ಎತ್ತಿಡಿ

"ಆ ಹುಡುಗನಿಗೆ ಕೆಲಸದಲ್ಲಿ ಮನಸ್ಸೇ ಇಲ್ಲ ಮೇಡಂ." ಪೀಣ್ಯದ ಚಿಕ್ಕ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಆಗಿದ್ದಾಗ ಸೂಪರ್‌ವೈಸರ್‌ಗಳಿಂದ ವಾರಕ್ಕೊಮ್ಮೆ ಕೇಳುತ್ತಿದ್ದ ಮಾತು ಇದು. ಇದಕ್ಕೆ ಸಿಗುವ ಮದ್ದೂ ಒಂದೇ: ಕೇಕು, ಭಾಷಣ, ಗ್ರೂಪ್ ಫೋಟೊ. ನಾನೂ ಮಾಡಿಸಿದ್ದೇನೆ. ಕೇಕು ಖಾಲಿಯಾಯಿತು, ಅಷ್ಟೇ. ಅದರ ಬದಲು ಈ ನಾಲ್ಕು ಹೆಜ್ಜೆ ಇಡಿ.

1. ಲೆಕ್ಕ ತೆಗೆಯಿರಿ. ಮೂರು ತಿಂಗಳ ಹಾಜರಿ ಮತ್ತು ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕಾರವಾದ ಪೀಸ್‌ಗಳು. ಅರ್ಧ ಗಂಟೆ ಸಾಕು.

ಮುಖ ನೋಡಿ ಕೆಲಸ ಅಳೆಯಬೇಡಿ. 1985ರಲ್ಲಿ ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ತೃಪ್ತಿಗೂ ಕೆಲಸಕ್ಕೂ ಇರುವ ನಂಟು 0.17 ಬಂತು. 2001ರಲ್ಲಿ ತಿಮೋತಿ ಜಡ್ಜ್ ಎಂಬ ಸಂಶೋಧಕ ಮತ್ತು ಸಂಗಡಿಗರು 54 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಜರಡಿ ಹಿಡಿದಾಗ 0.30. ಪೂರ್ತಿ ಹೊಂದಿದರೆ 1, ಏನೂ ಇಲ್ಲದಿದ್ದರೆ 0. ಅಂದರೆ ನಂಟು ಇದೆ, ಆದರೆ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ತಲೆ ಓಡಿಸುವ ಕೆಲಸಗಳಲ್ಲಿ ಜಾಸ್ತಿ.

2. ಕೇಳಿ. ಎಲ್ಲರೂ ಎಡವುವುದು ಇಲ್ಲೇ. ಕ್ಯಾಬಿನ್‌ಗೆ ಕರೆದರೆ ಕೆಲಸ ಹೋಯಿತು ಅಂದುಕೊಳ್ಳುತ್ತಾರೆ. ಮೆಷಿನ್ ಪಕ್ಕ ಮಾತಾಡಿಸಿದರೆ ನಾಲ್ಕು ಕಿವಿ ನೆಟ್ಟಗಾಗುತ್ತವೆ. ಊಟವಾದ ಮೇಲೆ, ಟೀ ಅಂಗಡಿಗೆ ನಡೆಯುತ್ತಾ ಕೇಳಿ. ಟೀ ದುಡ್ಡು ನೀವೇ ಕೊಡಿ.

"ಖುಷಿಯಾಗಿದ್ದೀಯಾ?" ಎಂದರೆ "ಹ್ಞೂಂ ಮೇಡಂ" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ನಿನ್ನೆ ಯಾವ ಹೊತ್ತಲ್ಲಿ ಸಿಟ್ಟು ಬಂತು?" ಅನ್ನಿ. ಆಮೇಲೆ ಸುಮ್ನೆ ಇರಿ. ಆ ಮೌನ ತುಂಬಲು ನೀವು ಬಾಯಿ ಬಿಟ್ಟರೆ ಕೆಟ್ಟಿತು.

ಲೇತ್ (ಲೋಹ ಕಡೆಯುವ ಯಂತ್ರ) ನಡೆಸುವ ನಮ್ಮ ಹುಡುಗ ಅರ್ಧ ಲೋಟ ಟೀ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ: ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಚಿಕ್ಕ ಅಲಗು, ಸವೆದರೆ ಹೊಸದಕ್ಕೆ ಸ್ಟೋರ್‌ನಲ್ಲಿ ಎರಡು ಸಹಿ ಬೇಕು. ಸಹಿ ಹಾಕುವವರು ಸಿಗುವುದಿಲ್ಲ. ಸವೆದದ್ದರಲ್ಲೇ ಓಡಿಸಿದರೆ ಪೀಸ್ ರಿಜೆಕ್ಟ್. ಎಲ್ಲರೆದುರು ಬೈಗುಳ ತಿನ್ನುವವನು ಇವನು. ಮನಸ್ಸಿಲ್ಲದ್ದಕ್ಕೆ ಕೆಲಸ ಕೆಟ್ಟಿರಲಿಲ್ಲ. ಕೆಲಸ ಕೆಟ್ಟೂ ಕೆಟ್ಟೂ ಮನಸ್ಸು ಹೋಗಿತ್ತು.

ಫಾರಂ ಹಂಚಿದರೆ ಆಗಲ್ವಾ ಎನ್ನುತ್ತೀರಿ. ನೂರಾರು ಜನರಿದ್ದರೆ ಆಗಬಹುದು. ಹನ್ನೆರಡು ಜನರಿರುವ ಕಡೆ "ಹೆಸರು ಬರೆಯಬೇಡಿ" ಎಂದು ಹೇಳಿ ವಿಭಾಗ, ವಯಸ್ಸು, ಶಿಫ್ಟ್ ಕೇಳಿದರೆ ಯಾರಿಗೆ ಗೊತ್ತಾಗುವುದಿಲ್ಲ? ದಿನಾ ಐದು ಮುಖದಲ್ಲಿ ಒಂದನ್ನು ಒತ್ತಿಸಿಕೊಳ್ಳುವ ಆ್ಯಪ್‌ಗಳಿಗಂತೂ ದುಡ್ಡು ಸುರಿಯಬೇಡಿ. ಗೇಟ್ ದಾಟುವ ಅವಸರದಲ್ಲಿ ಎಲ್ಲರೂ ಒತ್ತುವುದು ನಗುವ ಮುಖವನ್ನೇ.

3. ಒಂದೇ ಒಂದು ಸರಿಪಡಿಸಿ, ಒಂದು ವಾರದೊಳಗೆ. ಹತ್ತು ಭರವಸೆ ಬೇಡ. ನಾವು ಇನ್ಸರ್ಟ್ ಡಬ್ಬಿಯನ್ನು ಲೇತ್ ಪಕ್ಕದಲ್ಲೇ ಇಟ್ಟೆವು. ಸಹಿ ಶನಿವಾರ, ಒಟ್ಟಿಗೆ.

4. ಮೂರು ತಿಂಗಳ ಮೇಲೆ ಅದೇ ಲೆಕ್ಕ ಮತ್ತೆ ತೆಗೆಯಿರಿ. ನಮ್ಮಲ್ಲಿ ರಿಜೆಕ್ಷನ್ ಇಳಿಯಿತು. ಹುಡುಗ ಮಾತ್ರ ಆಮೇಲೂ ನಗಲಿಲ್ಲ. ಗುಡ್ ಮಾರ್ನಿಂಗ್ ಅಂದರೆ ತಲೆ ಆಡಿಸುತ್ತಿದ್ದ, ಅಷ್ಟೇ.