ಎಚ್‌ಪಿವಿ ಲಸಿಕೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಮಗಳಿಗೆ ಒಂಬತ್ತು ವರ್ಷ ತುಂಬಿದ ಮೇಲೆ ಎಂದಾದರೊಂದು ದಿನ ಮಕ್ಕಳ ವೈದ್ಯರು ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯ ಮಾತೆತ್ತುತ್ತಾರೆ, ಇಲ್ಲವೇ ಶಾಲೆಯಿಂದ ಒಪ್ಪಿಗೆ ಪತ್ರವೊಂದು ಮನೆಗೆ ಬರುತ್ತದೆ. ಪೋಲಿಯೊ ಹನಿ ಹಾಕಿಸುವಾಗ, ದಡಾರದ ಚುಚ್ಚುಮದ್ದು ಕೊಡಿಸುವಾಗ ಹಿಂದೆಮುಂದೆ ನೋಡದ ತಂದೆತಾಯಿ ಈ ಒಂದು ಲಸಿಕೆಯ ಮುಂದೆ ಮಾತ್ರ ತಡೆದು ನಿಲ್ಲುತ್ತಾರೆ. ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ, ಮಗಳಾದರೋ ಇನ್ನೂ ಕುಂಟೆಬಿಲ್ಲೆ ಆಡುವ ವಯಸ್ಸಿನವಳು, ಜೊತೆಗೆ ಮೊಬೈಲಿನಲ್ಲಿ ಬಂದ ಸಂದೇಶವೊಂದು ಹೆದರಿಸಿದೆ. ಹೀಗೆ ಮಾತಾಡಲು ಮುಜುಗರವಾಗಿ, ಬೇಡವೆನ್ನಲೂ ಧೈರ್ಯ ಸಾಲದೆ, ಪತ್ರ ಶಾಲಾ ಚೀಲದಲ್ಲೇ ಉಳಿದುಬಿಡುತ್ತದೆ. ಹಾಕಿಸಬೇಕೋ ಬೇಡವೋ ಎಂಬುದನ್ನು ಹೆತ್ತವರೇ ತೀರ್ಮಾನಿಸಬೇಕು. ಆದರೆ ಆ ತೀರ್ಮಾನ ಮೌನದಿಂದ ತಾನಾಗಿ ಆದದ್ದಾಗಿರದೆ, ತಿಳಿದು ಮಾಡಿದ್ದಾಗಿರಬೇಕು.

ಮೊದಲು ರೋಗವನ್ನು ತಿಳಿಯಿರಿ

ಲಸಿಕೆಯ ಒಳಿತುಕೆಡುಕುಗಳನ್ನು ತೂಗುವ ಮೊದಲು, ಅದು ಯಾವ ರೋಗವನ್ನು ತಡೆಯುತ್ತದೆ ಎಂಬುದನ್ನು ಅರಿಯಬೇಕು. ಗರ್ಭಕಂಠದ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚು ಕಾಣುವ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರು. ಇದಕ್ಕೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣವೆಂದು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದೊಳಗೆ ಅದನ್ನು ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ, ಮುಖ್ಯವಾಗಿ 16 ಮತ್ತು 18ನೆಯ ಬಗೆಗಳು, ಒಳಗೇ ಉಳಿದು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ನಿಧಾನವಾಗಿ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತವೆ. ಆರಂಭದಲ್ಲಿ ನೋವಿಲ್ಲ. ಮುಟ್ಟಿನ ನಡುವೆ ರಕ್ತ ಕಾಣುವುದು, ದುರ್ವಾಸನೆಯ ಬಿಳಿಸೆರಗು ಹೋಗುವುದು ಮುಂತಾದ ಲಕ್ಷಣಗಳು ತೋರುವ ಹೊತ್ತಿಗೆ ಎಷ್ಟೋ ಹೆಂಗಸರಲ್ಲಿ ರೋಗ ಬಲಿತಿರುತ್ತದೆ, ಆಗಲೂ ಅವರು ಅದನ್ನು ಮನೆಯವರ ಬಳಿ ಹೇಳಿಕೊಳ್ಳಲು ಸಂಕೋಚಪಡುತ್ತಾರೆ.

ಇಷ್ಟು ಚಿಕ್ಕ ವಯಸ್ಸಿಗೆ ಏಕೆ

ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ವೈರಸ್‌ನ ಹೊರಕವಚವನ್ನು ಹೋಲುವ ಪ್ರೊಟೀನ್ ಮಾತ್ರ ಇರುತ್ತದೆ, ಆದ್ದರಿಂದ ಲಸಿಕೆಯಿಂದಲೇ ಸೋಂಕು ಬರಲು ಸಾಧ್ಯವಿಲ್ಲ. ಆ ಕವಚವನ್ನು ಗುರುತು ಹಿಡಿದ ದೇಹ, ಮುಂದೆ ನಿಜವಾದ ವೈರಸ್ ಬಂದಾಗ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಈಗಾಗಲೇ ಒಳಹೊಕ್ಕ ಸೋಂಕನ್ನು ವಾಸಿ ಮಾಡುವ ಶಕ್ತಿ ಲಸಿಕೆಗಿಲ್ಲದ ಕಾರಣ, ಸೋಂಕು ತಗುಲುವ ಸಂದರ್ಭವೇ ಬರುವುದಕ್ಕೆ ಬಹಳ ಮೊದಲು ಅದನ್ನು ಕೊಡಬೇಕಾಗುತ್ತದೆ. 9ರಿಂದ 14ರ ವಯಸ್ಸಿನಲ್ಲಿ ದೇಹದ ಪ್ರತಿಸ್ಪಂದನೆ ದೊಡ್ಡವರಿಗಿಂತ ಬಲವಾಗಿರುತ್ತದೆ ಎಂಬುದು ಇನ್ನೊಂದು ಕಾರಣ.

ಲಸಿಕೆ ಕೊಡಿಸಿದರೆ ಮಗಳಿಗೆ ತಪ್ಪು ಸಂದೇಶ ಹೋಗುತ್ತದೆಯೇ ಎಂಬ ಅಳುಕು ಹಲವರಲ್ಲಿದೆ. ಅವರು ಒಂದು ವಿಷಯ ನೆನೆಯಬೇಕು. ಹೆಪಟೈಟಿಸ್ ಬಿ ವೈರಸ್ ಕೂಡ ಲೈಂಗಿಕ ಸಂಪರ್ಕದಿಂದ ಹರಡಬಲ್ಲದು, ಅದರ ಲಸಿಕೆಯನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ ದಿನವೇ ಕೊಡಲಾಗುತ್ತದೆ, ಅದನ್ನು ಯಾವ ತಾಯಿಯೂ ಹಾಗೆ ಅರ್ಥ ಮಾಡಿಕೊಂಡಿಲ್ಲ. ಇನ್ನೂ ಒಂದು ಮಾತು: ಜೀವನದಲ್ಲಿ ಗಂಡನನ್ನು ಬಿಟ್ಟು ಬೇರೆ ಸಂಗಾತಿಯೇ ಇಲ್ಲದ ಹೆಂಗಸಿಗೂ ಗಂಡನಿಂದಲೇ ಈ ಸೋಂಕು ಬರಬಹುದು. ಇದು ನಡತೆಯ ಪ್ರಶ್ನೆಯಲ್ಲ.

ಭಯ ಎಲ್ಲಿಂದ ಬಂತೆಂದು ನೋಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಭಾರತದಲ್ಲಿ ಈ ಲಸಿಕೆಯ ಬಗೆಗಿನ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಸಾವಿರಾರು ಹುಡುಗಿಯರಿಗೆ ಪ್ರಾತ್ಯಕ್ಷಿಕೆ ಯೋಜನೆಯೊಂದರಲ್ಲಿ ಲಸಿಕೆ ಕೊಡಲಾಯಿತು. ಆ ಅವಧಿಯಲ್ಲಿ ಏಳು ಹುಡುಗಿಯರು ಸತ್ತರು, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸರ್ಕಾರ ನೇಮಿಸಿದ ತನಿಖಾ ಸಮಿತಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಹಾವು ಕಡಿತ, ಕೀಟನಾಶಕ ಸೇವನೆ, ನೀರಿನಲ್ಲಿ ಮುಳುಗಿದ್ದು, ಮಲೇರಿಯಾ ಇಂತಹ ಕಾರಣಗಳು ಅದರಲ್ಲಿ ದಾಖಲಾದವು. ಆದರೆ ಅದೇ ತನಿಖೆಯಲ್ಲಿ ಮತ್ತೊಂದು ಸತ್ಯವೂ ಹೊರಬಿತ್ತು. ಖಮ್ಮಂನ ಆಶ್ರಮ ಶಾಲೆಗಳಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. 2013ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ಬಡವರ, ಬುಡಕಟ್ಟಿನವರ ಮಕ್ಕಳ ವಿಷಯದಲ್ಲಿ ಆದ ಆ ಅನ್ಯಾಯವನ್ನು ಮರೆಮಾಚಿ ಲಸಿಕೆಯನ್ನು ಹೊಗಳುವುದು ನನಗೆ ಸರಿಕಾಣುವುದಿಲ್ಲ. ಅಂದು ತಪ್ಪಿದ್ದು ಔಷಧಿಯಲ್ಲ, ಕೇಳಿ ಪಡೆಯಬೇಕಾದ ಒಪ್ಪಿಗೆ. ಆದ್ದರಿಂದಲೇ ಪತ್ರ ನಿಮ್ಮ ಕೈಗೆ ಬಂದಾಗ ಅದರಲ್ಲಿ ಲಸಿಕೆಯ ಹೆಸರೇನು, ಎಷ್ಟು ಡೋಸ್, ತೊಂದರೆಯಾದರೆ ಯಾರನ್ನು ಕಾಣಬೇಕು ಎಂಬುದೆಲ್ಲ ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ. ಓದಲು ಬಾರದವರು ಆಶಾ ಕಾರ್ಯಕರ್ತೆಯಿಂದಲೋ ಆರೋಗ್ಯ ಸಹಾಯಕಿಯಿಂದಲೋ ಓದಿಸಿ ಕೇಳಿಕೊಂಡೇ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕು.

ಅದೇ ಕಾಲದಲ್ಲಿ ದೇಶದ ಬೇರೆ ಕಡೆ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತು, ಅನೇಕ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದಾಗ, 16 ಮತ್ತು 18ನೆಯ ಬಗೆಗಳ ದೀರ್ಘಕಾಲದ ಸೋಂಕಿನಿಂದ ಆ ಒಂದು ಡೋಸ್ ಕೂಡ ಸುಮಾರು ಶೇ 95ರಷ್ಟು ರಕ್ಷಣೆ ಕೊಟ್ಟದ್ದು ತಿಳಿದುಬಂತು. ಒಂದು ಡೋಸ್ ಸಾಕಾದೀತು ಎಂಬ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಲು ಆಧಾರವಾದವುಗಳಲ್ಲಿ ನಮ್ಮ ಹುಡುಗಿಯರ ಈ ಫಲಿತಾಂಶವೂ ಒಂದು.

ಕ್ಯಾನ್ಸರನ್ನೇ ತಡೆಯುತ್ತದೆಯೇ ಎಂಬ ಪ್ರಶ್ನೆಗೂ ಈಗ ಉತ್ತರವಿದೆ. ಸ್ವೀಡನ್ನಿನ 2020ರ ಅಧ್ಯಯನದಲ್ಲಿ, 17 ವರ್ಷಕ್ಕೆ ಮೊದಲೇ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಕಂಡುಬಂತು. ಇಂಗ್ಲೆಂಡಿನಲ್ಲಿ 12–13ರ ವಯಸ್ಸಿನಲ್ಲಿ ಲಸಿಕೆಯ ಅವಕಾಶ ದೊರೆತ ಪೀಳಿಗೆಯಲ್ಲೂ ಹೆಚ್ಚುಕಡಿಮೆ ಇದೇ ಫಲ. ಬಂಜೆತನ ಬರುತ್ತದೆ ಎಂಬ ಸುದ್ದಿಗೆ ಆಧಾರವಿಲ್ಲ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸ್‌ಗೆ ಸುಮಾರು ಎರಡು ಪ್ರಕರಣಗಳಷ್ಟು ಅಪರೂಪ.

ನಿಮ್ಮ ಮಗುವಿಗೆ ಅನ್ವಯಿಸಿ ನೋಡಿ

ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ, ಯೀಸ್ಟ್‌ಗೆ ತೀವ್ರ ಅಲರ್ಜಿ ಇದ್ದರೆ, ವೈದ್ಯರಿಗೆ ಮೊದಲೇ ಹೇಳಬೇಕು. ಜೋರು ಜ್ವರವಿದ್ದರೆ ಗುಣವಾಗುವ ತನಕ ಮುಂದೂಡಬೇಕು. ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ಡೋಸ್‌ಗಳ ಲೆಕ್ಕ ಬೇರೆ. ಒಂದು ಡೋಸ್ ಸಾಕಾದೀತು ಎಂಬ ಮಾತಿದ್ದರೂ, ಖಾಸಗಿ ವೈದ್ಯರು ಸಾಮಾನ್ಯವಾಗಿ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದವರಿಗೆ ಮೂರು ಡೋಸ್ ಹೇಳುತ್ತಾರೆ. ಹದಿನೈದು ತುಂಬುವ ಮೊದಲೇ ತೀರ್ಮಾನಿಸಿದರೆ ಒಂದು ಚುಚ್ಚುಮದ್ದೂ ಅದರ ಖರ್ಚೂ ಉಳಿಯುತ್ತದೆ.

ಖರ್ಚು ಸಣ್ಣ ಸಂಗತಿಯಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2023ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಗರಿಷ್ಠ ಬೆಲೆ ಡೋಸ್‌ಗೆ 2,000 ರೂಪಾಯಿ ಇತ್ತು. ವೈರಸ್‌ನ ಒಂಬತ್ತು ಬಗೆಗಳನ್ನು ತಡೆಯುವ ಗಾರ್ಡಸಿಲ್ 9 ಎಂಬ ಇನ್ನೊಂದು ಲಸಿಕೆ ಅದಕ್ಕಿಂತ ಹಲವು ಪಟ್ಟು ದುಬಾರಿ. ದುಬಾರಿಯದಕ್ಕೆ ಹಣ ಕೂಡಿಸುತ್ತಾ ವರ್ಷಗಳನ್ನು ಕಳೆಯುವುದಕ್ಕಿಂತ ಕೈಗೆಟುಕುವುದನ್ನು ಸಕಾಲದಲ್ಲಿ ಕೊಡಿಸುವುದು ಮೇಲು, ಏಕೆಂದರೆ ಹೆಚ್ಚಿನ ಕ್ಯಾನ್ಸರಿಗೆ ಕಾರಣವಾಗುವ 16 ಮತ್ತು 18ನೆಯ ಬಗೆಗಳನ್ನು ಎರಡೂ ತಡೆಯುತ್ತವೆ. ದುಡ್ಡು ಕೊಡುವ ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಲಸಿಕೆಯ ವಿಷಯ ವಿಚಾರಿಸಿ. ಗಂಡುಮಕ್ಕಳಿಗೂ ಸರ್ವಾವ್ಯಾಕ್‌ಗೆ ಅನುಮತಿಯಿದೆ, ಅವರಲ್ಲೂ ಈ ವೈರಸ್ ಗಂಟಲಿನ ಮತ್ತು ಗುದದ್ವಾರದ ಕ್ಯಾನ್ಸರ್ ತರಬಲ್ಲದು. ಒಬ್ಬರಿಗಷ್ಟೇ ಅನುಕೂಲವಿರುವ ಮನೆಯಲ್ಲಿ ಮೊದಲು ಹೆಣ್ಣುಮಗಳಿಗೆ ಕೊಡಿಸಿ.

ಮಗಳಿಗೂ ಹೇಳಿ

ಹೆತ್ತವರಿಬ್ಬರೂ ತೀರ್ಮಾನಿಸಿ, ತೋಳು ಚಾಚುವವಳಿಗೆ ಮಾತ್ರ ಏನೂ ಹೇಳದಿರುವುದು ಸರಿಯಲ್ಲ. ಹತ್ತು ವರ್ಷದವಳಿಗೆ, "ದೊಡ್ಡವಳಾದ ಮೇಲೆ ಹೊಟ್ಟೆಯೊಳಗಿನ ಒಂದು ಅಂಗಕ್ಕೆ ಕ್ಯಾನ್ಸರ್ ಬಾರದಿರಲೆಂದು ಈ ಚುಚ್ಚುಮದ್ದು" ಎಂದರೆ ಸಾಕು. ಹದಿಮೂರು ಹದಿನಾಲ್ಕರವಳಿಗೆ ಗರ್ಭಕಂಠ ಎಲ್ಲಿದೆ, ವೈರಸ್ ಹೇಗೆ ಹರಡುತ್ತದೆ ಎಂಬುದನ್ನೂ ಬಿಡಿಸಿ ಹೇಳಬಹುದು. ಅವಳು ಹೆದರಿ ಬೇಡವೆಂದರೆ ಗದರಿಸದೆ, ವೈದ್ಯರ ಬಳಿ ಅವಳೇ ಪ್ರಶ್ನೆ ಕೇಳುವಂತೆ ಮಾಡಿ.

ಹಾಕಿಸುವ ದಿನ ತಿಂಡಿ ತಿನ್ನಿಸಿಯೇ ಕರೆದೊಯ್ಯಿರಿ. ಹದಿಹರೆಯದವರಿಗೆ ಯಾವುದೇ ಚುಚ್ಚುಮದ್ದಿನ ಬಳಿಕ ತಲೆಸುತ್ತು ಬರುವುದುಂಟಾದ್ದರಿಂದ ಕನಿಷ್ಠ ಹದಿನೈದು ನಿಮಿಷ ಅಲ್ಲೇ ಕೂರಿಸಿ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಮತ್ತು ದಿನಾಂಕವನ್ನು ಕಾರ್ಡಿನಲ್ಲಿ ಬರೆಸಿಕೊಂಡು ಕಾಪಾಡಿ.

ಲಸಿಕೆ ಪಡೆದವಳಿಗೂ 30 ದಾಟಿದ ಮೇಲೆ ಗರ್ಭಕಂಠದ ತಪಾಸಣೆ ತಪ್ಪದು, ಎಲ್ಲ ಬಗೆಗಳನ್ನೂ ತಡೆಯುವ ಲಸಿಕೆ ಇಲ್ಲ. ಅವಳ ತಾಯಿಗಂತೂ ಈಗ ಲಸಿಕೆಗಿಂತ ತಪಾಸಣೆಯೇ ಮುಖ್ಯ. ಮಗಳನ್ನು ಆಸ್ಪತ್ರೆಗೆ ಕರೆದೊಯ್ದ ದಿನವೇ, ತನಗೆ ಆ ಪರೀಕ್ಷೆ ಯಾವ ದಿನ, ಯಾವ ಕೊಠಡಿಯಲ್ಲಿ ಮಾಡುತ್ತಾರೆಂದು ಕೇಳಿಕೊಂಡೇ ಆಕೆ ಮನೆಗೆ ಹಿಂದಿರುಗಲಿ.